ತುಕ್ಕಕ್ಕನ ಅಂಗೈ

ತುಕ್ಕಕ್ಕನಿಗೆ ಕಾರ್ಖಾನೆಯವರು ಇನ್ನೂ ಕೊಡಬೇಕಾದ ಕೂಲಿಗೆ ಅವರೇ ಒಂದು ಹೆಸರಿಟ್ಟಿದ್ದಾರೆ: ಬೆವರಿನ ದಂಡ. ವಾರವಾರವೂ ಸಂಬಳದಲ್ಲಿ ಅದನ್ನು ಮುರಿದುಕೊಂಡರು. ಈ ಹೊತ್ತಿಗೂ ವಾಪಸ್ ಕೊಟ್ಟಿಲ್ಲ.

ಅವಳು ಬೇರಿಂಗ್ ಕಾರ್ಖಾನೆಯ ಕೊನೆಯ ಮೇಜಿನವಳು. ಫ್ಯಾನು, ಸೈಕಲ್ಲು, ನೀರೆತ್ತುವ ಪಂಪು, ಹೀಗೆ ತಿರುಗುವುದೆಲ್ಲದರ ಹೊಟ್ಟೆಯಲ್ಲೂ ಗುಂಡು ತುಂಬಿದ ಒಂದು ಉಕ್ಕಿನ ಬಳೆ ಕೂತಿರುತ್ತದಲ್ಲ, ಅದೇ ಬೇರಿಂಗು. ಬಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಕಿವಿಯ ಹತ್ತಿರ ತಂದು ತಿರುಗಿಸಬೇಕು. ಒಳಗೆ ಕಸವಿದ್ದರೆ ಕರಕರ ಅನ್ನುತ್ತದೆ, ಇಲ್ಲದಿದ್ದರೆ ಸುಯ್ಯೆಂದು ಸುತ್ತುತ್ತದೆ. ಸರಿಯಿದ್ದದ್ದನ್ನು ಎಣ್ಣೆಯಲ್ಲಿ ಅದ್ದಿ, ಕಾಗದ ಸುತ್ತಿ, ಡಬ್ಬಿಗೆ ಹಾಕಬೇಕು. ಕೈಗವಸು ತೊಟ್ಟರೆ ಆ ಕರಕರ ಬೆರಳಿಗೆ ತಿಳಿಯುವುದಿಲ್ಲ. ಬರಿಗೈಯ ಕೆಲಸ.

ಅವಳ ಅಂಗೈಯೋ, ಹಿಂಡದೆ ಬಿಟ್ಟ ಬಟ್ಟೆ. ಹುಟ್ಟಿದಾಗಿನಿಂದ ಹಾಗೆ. ಶಾಲೆಯಲ್ಲಿ ಬರೆಯುತ್ತ ಬರೆಯುತ್ತ ಹಾಳೆ ಹರಿಯುತ್ತಿತ್ತು. ಆಟಕ್ಕೆ ನಿಂತರೆ ಯಾರೂ ಕೈ ಹಿಡಿಯುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಗಂಡ "ಕಪ್ಪೆ ಹಿಡ್ಕೊಂಡ ಹಾಗಾಗುತ್ತೆ ಕಣೇ" ಎಂದು ನಕ್ಕಿದ್ದ. ಅವಳು ಅದನ್ನೆಲ್ಲ ನುಂಗಿಕೊಂಡಿದ್ದಳು. ಆದರೆ ಒಂದು ದಿನ ಮಾರಿದ ಮಾಲು ವಾಪಸ್ ಬಂತು. ಕಾಗದ ಬಿಚ್ಚಿದರೆ ಉಕ್ಕಿನ ಹೊಳಪಿನ ಮೇಲೆ ಒಂದು ಕಂದು ಹೆಬ್ಬೆಟ್ಟು, ಗೆರೆ ಗೆರೆಯಾಗಿ ತುಕ್ಕು ಹಿಡಿದದ್ದು. ನಡುವೆ ಅಡ್ಡಕ್ಕೆ ಒಂದು ಸೀಳು. ಆ ಸೀಳು ಅವಳದ್ದೇ. ಚಿಕ್ಕಂದಿನಲ್ಲಿ ಡಬ್ಬದ ಮುಚ್ಚಳ ಕೊಯ್ದ ಗುರುತು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?" ಎಂದ ಮೇಸ್ತ್ರಿ. "ಇನ್ನೊಂದು ಸಲ ಮಾಲು ತಿರುಗಿ ಬಂದರೆ ನೀನು ಗೇಟಿನಾಚೆ."

ಅಂದಿನಿಂದ ಅವಳು ತುಕ್ಕಕ್ಕ. ಅಂದಿನಿಂದಲೇ ದಂಡ.

ಹೆದರಿದಷ್ಟೂ ಬೆವರು, ಬೆವರಿದಷ್ಟೂ ಹೆದರಿಕೆ. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಮೇಜಿನಿಂದ ನಲ್ಲಿಗೆ, ನಲ್ಲಿಯಿಂದ ಮೇಜಿಗೆ ಓಡಾಡಿದಳು. ಸುಣ್ಣದ ಪುಡಿ ತಿಕ್ಕಿಕೊಂಡಳು. ಚರ್ಮ ಸುಲಿಯಿತು, ಬೆವರು ನಿಲ್ಲಲಿಲ್ಲ. ಮನೆಯಲ್ಲಿ ಚಿಲಕ ಮುಟ್ಟಿದರೂ ಲೋಟ ಮುಟ್ಟಿದರೂ ಗುರುತು ಬಿತ್ತೇ ಎಂದು ತಿರುಗಿ ನೋಡುವಳು. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು.

ನಾದಿನಿ ಆಸ್ಪತ್ರೆಯ ಬಟ್ಟೆ ಒಗೆಯುವವಳು. ಅಲ್ಲಿನ ಸುದ್ದಿಯನ್ನೆಲ್ಲ ಹೊತ್ತು ತರುವವಳು.

"ಅತ್ತಿಗೆ, ಕೈಬೆವರಿಗೂ ಇಂಜೆಕ್ಷನ್ ಇದೆಯಂತೆ. ದುಡ್ಡಿರೋರು ಹಣೆ ಸುಕ್ಕು ತೆಗೆಸ್ಕೊಳ್ತಾರಲ್ಲ, ಅದೇ ಔಷಧಿ."

"ಹಣೆಗೆ ಹಾಕೋದನ್ನ ಕೈಗೆ ಹಾಕ್ತಾರಾ?"

"ಹಾಕ್ಲಿ ಬಿಡು. ಮುಖ ಅಂತೂ ಕೆಟ್ಟಿದೆ, ಕೈಯಾದ್ರೂ ಚಂದ ಆಗ್ಲಿ."

ನಾದಿನಿಯೇ ಅಲ್ಲಿ ಇಲ್ಲಿ ಸಾಲ ಎತ್ತಿ ಕರೆದುಕೊಂಡು ಹೋದಳು. ಚರ್ಮದ ಡಾಕ್ಟರು ಅಂಗೈಗೆ ಅಯೋಡಿನ್ ಬಳಿದು, ಒಣಗಿಸಿ, ಮೇಲೆ ಗಂಜಿಪುಡಿ ಉದುರಿಸಿದರು. ಬೆವರು ಬಂದ ಕಡೆಯೆಲ್ಲ ಕಪ್ಪಾಗುತ್ತದೆಯಂತೆ. ನೋಡನೋಡುತ್ತಲೇ ಎರಡೂ ಅಂಗೈ ಮಸಿಬಟ್ಟೆಯಾಯಿತು.

"ಬಿಳಿ ಜಾಗಾನೇ ಇಲ್ವಲ್ಲಮ್ಮ," ಎಂದರು ಡಾಕ್ಟರು.

ಒರೆಸಿ, ಪೆನ್ನಿನಲ್ಲಿ ಸಾಲಾಗಿ ಚುಕ್ಕಿ ಇಟ್ಟರು. ಮಂಜುಗಡ್ಡೆ ಒತ್ತಿ, ಚುಕ್ಕಿಗೊಂದು ಚುಚ್ಚು. ಹೆರಿಗೆಯಲ್ಲಿ ತುಟಿ ಬಿಚ್ಚದವಳು ನಾದಿನಿಯ ತೋಳು ಕಚ್ಚಿದಳು. ಬೆವರು ನಿಲ್ಲಲು ಒಂದೆರಡು ವಾರ ಬೇಕು, ಕೆಲವು ತಿಂಗಳ ಮೇಲೆ ಮತ್ತೆ ಬರುತ್ತದೆ, ಆಗ ಮತ್ತೆ ಚುಚ್ಚಿಸಬೇಕು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಕೆಲವು ವಾರ ಹೆಬ್ಬೆರಳ ಹಿಡಿತ ಸ್ವಲ್ಪ ಸಡಿಲವಾದೀತು ಎಂದೂ ಹೇಳಿದರು. ಅವರು ಹೇಳಿದ ಆ ‘ಸ್ವಲ್ಪ’ ಬೆರಳ ತುದಿಯಲ್ಲಿ ದುಡಿಯುವವಳಿಗೆ ಎಷ್ಟಾಗುತ್ತದೆ ಎಂದು ಅವರೂ ಯೋಚಿಸಲಿಲ್ಲ, ಇವಳೂ ಕೇಳಲಿಲ್ಲ.

ಕೈ ಒಣಗಿತು. ಒಂದು ಬೆಳಿಗ್ಗೆ ಪೇಪರು ಮಡಚಿದಳು, ಅಂಟಲಿಲ್ಲ. ಕೆನ್ನೆ ಸವರಿದಾಗ ಮಗಳು ಕಣ್ಣು ಬಿಡದೆಯೇ "ಯಾರದು?" ಅಂದಳು. "ನಾನೇ ಕಣೇ," ಎಂದು ಮತ್ತೆ ಮತ್ತೆ ಸವರಿದಳು.

ಸುಖ ಮೇಜಿನವರೆಗೆ ಉಳಿಯಲಿಲ್ಲ. ಬಳೆ ಹಿಡಿದರೆ ಜಾರಿ ಠಣ್ಣೆಂದು ನೆಲಕ್ಕೆ ಬಿತ್ತು. ಇನ್ನೊಂದು, ಅದೂ ಠಣ್.

"ಮೊದಲು ತುಕ್ಕು ಹಿಡಿಸಿದೆ, ಈಗ ಬಗ್ಗಿಸ್ತೀಯಾ? ಏಳು, ಕಾಗದ ಸುತ್ತು," ಎಂದು ಮೇಸ್ತ್ರಿ ಅವಳ ಸ್ಟೂಲಿನ ಮೇಲೆ ತಾನೇ ಕೂತ. "ಹೀಗೆ ಹಿಡೀಬೇಕು. ಹೀಗೆ!" ಅವಳ ಹಿಡಿತ ಮರಳುವವರೆಗೂ ಅವನೇ ಹಿಡಿದು ತಿರುಗಿಸಿದ, ಅವಳು ಸುತ್ತಿದಳು. ದಂಡ ಮಾತ್ರ ನಿಲ್ಲಲಿಲ್ಲ. ಹಳೆಯ ನಷ್ಟ ಇನ್ನೂ ತೀರಿಲ್ಲವಂತೆ.

ಬೆರಳಿಗೆ ಬಲ ಬಂದ ಮೇಲೆ ಮಾಲು ಮತ್ತೆ ವಾಪಸ್ ಬಂತು. ಮೇಸ್ತ್ರಿ ಎಲ್ಲರನ್ನೂ ಕೂಗಿ ಕರೆದ. ಜನ ಸೇರಿದ ಮೇಲೆ ಕಾಗದ ಬಿಚ್ಚಿದ. ಕಂದು ಹೆಬ್ಬೆಟ್ಟು.

"ನೋಡ್ರಪ್ಪ, ಎಷ್ಟು ಲಕ್ಷಣವಾಗಿ ರುಜು ಹಾಕಿದಾಳೆ."

ಕೆಲಸ ಹೋಯಿತು ಎಂದುಕೊಂಡೇ ತುಕ್ಕಕ್ಕ ಬಳೆ ಈಸಿಕೊಂಡಳು. ಬೆಳಕಿಗೆ ಹಿಡಿದಳು. ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು.

"ಮೇಸ್ತ್ರಿ, ಇದರಲ್ಲಿ ನನ್ನ ಸೀಳು ಎಲ್ಲಿ?"

"ಎಲ್ಲೋ ಇರುತ್ತೆ."

"ಇಷ್ಟು ಅಗಲ ನನ್ನ ಬೆರಳಿಲ್ಲ. ಈ ಡಬ್ಬಿಯ ತಾರೀಕು ನೀವು ಕೂತಿದ್ದಾಗಿಂದು. ನಿಮ್ಮ ಹೆಬ್ಬೆಟ್ಟು ಕೊಡಿ ಇಲ್ಲಿ."

ಮೇಸ್ತ್ರಿ ಕೈಯನ್ನು ಜೇಬಿಗೆ ಹಾಕಿದ. ಹಿಂದಿನಿಂದ, ಬಳೆಗಳಿಗೆ ಸಾಣೆ ಹಿಡಿಯುವ ಸಾಣೆಯವನು ಕೂಗಿದ: "ಕೊಡಿ ಮೇಸ್ತ್ರಿ, ಹೆಬ್ಬೆಟ್ಟು ತಾನೆ ಕೇಳ್ತಿರೋದು. ಮಗಳನ್ನೇನೂ ಕೇಳ್ತಿಲ್ವಲ್ಲ!"

ನಗು ಎದ್ದಿತು. ನಗುವಿನ ಹಿಂದೆಯೇ ಎಲ್ಲರ ಕಣ್ಣೂ ಎಣ್ಣೆಯ ಡ್ರಮ್ಮಿನ ಕಡೆ ಹೊರಳಿತು. ಮೂಗಿದ್ದವರಿಗೆಲ್ಲ ಎಂದೋ ಗೊತ್ತಾಗಬೇಕಿದ್ದ ವಿಷಯ ಅದು. ಅದ್ದುವ ಎಣ್ಣೆ ಹಿಂದೆ ಜೇನಿನ ಹಾಗೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ಯಾರ ಕೈಯ ಉಪ್ಪು ಅಂಟಿದ್ದರೂ ಅದನ್ನು ಎತ್ತಿ ತೊಳೆಯುತ್ತಿತ್ತು. ದುಡ್ಡು ಉಳಿಸಬೇಕೆಂದು ಕಾರ್ಖಾನೆಯ ಧಣಿ ಅದಕ್ಕೆ ಸೀಮೆಎಣ್ಣೆ ಬೆರೆಸಲು ಶುರು ಮಾಡಿದ ಮೇಲೆ ಅದು ನೀರಾಗಿತ್ತು, ಗಬ್ಬು ನಾರುತ್ತಿತ್ತು. ಮೊದಲು ತುಕ್ಕು ಹಿಡಿದದ್ದು ಎಲ್ಲರಿಗಿಂತ ಹೆಚ್ಚು ಬೆವರುವ ಕೈ ತಾಗಿದಲ್ಲಿ. ಅಷ್ಟು ಸಾಕಾಯಿತು. ಕಣ್ಣೆದುರೇ ಒಂದು ಒದ್ದೆ ಅಂಗೈ ಇರುವಾಗ ಎಣ್ಣೆಯ ಡ್ರಮ್ಮನ್ನು ಯಾರು ಮೂಸಿಯಾರು? ಸಾಣೆಯವನೂ ಮೂಸಲಿಲ್ಲ. ಸ್ವತಃ ತುಕ್ಕಕ್ಕನೂ ಮೂಸಲಿಲ್ಲ. ತಪ್ಪು ತನ್ನ ಮೈಯದೇ ಎಂದು ನಂಬಿ, ಸಾಲ ಮಾಡಿ, ಕೈ ಚುಚ್ಚಿಸಿಕೊಂಡು ಬಂದಳು. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಆ ಬರೆಗೂ ಎಮ್ಮೆಯೇ ದುಡ್ಡು ಕೊಟ್ಟಿತು.

ಮಾರನೆಯ ದಿನವೇ ಗಟ್ಟಿ ಎಣ್ಣೆ ಬಂತು. ಮೇಸ್ತ್ರಿಗೆ ದಂಡ ಬೀಳಲಿಲ್ಲ. ತನ್ನ ದಂಡ ಕೇಳಲು ಹೋದ ತುಕ್ಕಕ್ಕನಿಗೆ ಧಣಿ ಹೇಳಿದ: "ಆಗಿದ್ದು ಆಗಿಹೋಯ್ತು. ಹೇಗೂ ಕೈ ಒಣಗ್ತಲ್ಲ, ನಿನಗೇ ಒಳ್ಳೇದಾಯ್ತು."

ಈಗ ಮತ್ತೆ ಬೆವರು. ಮೊದಲು ಹೆಬ್ಬೆರಳ ಬುಡದಲ್ಲಿ ಒಂದು ಹನಿ ಕಾಣಿಸಿತು, ಆಮೇಲೆ ಅಂಗೈ ತುಂಬ. ನಿನ್ನ ಒದ್ದೆ ಕೈಗೆಂದು ದುಬಾರಿ ಎಣ್ಣೆ ಸುರಿಯಲಾರೆ, ಮತ್ತೆ ಚುಚ್ಚಿಸಿಕೊಂಡು ಬಾ, ಇಲ್ಲವೇ ಮೇಜು ಬಿಡು ಎಂದಿದ್ದಾನೆ ಧಣಿ.

"ನಿಮ್ಮ ಎಣ್ಣೆ ಉಳಿಸೋಕೆ ಚುಚ್ಚಿಸ್ಕೊಳ್ಳಲ್ಲ," ಎಂದಳು ಅವಳು. "ಮಗಳ ಕೆನ್ನೆ ಮುಟ್ಟೋಕೆ ಬೇಕಾದ್ರೆ ನಾನೇ ಹೋಗ್ತೀನಿ. ಅದು ನನ್ನಿಷ್ಟ. ಮೊದಲು ನನ್ನ ದುಡ್ಡು ಇಡಿ."

ಅವನು ಗೇಟು ತೋರಿಸಿದ. ಗೇಟಿನಾಚೆ ಅವಳು ಈಗ ಇದ್ದಾಳೆ. ಕೂರು ಎಂದರೆ ಕೂರುವುದಿಲ್ಲ. ಕಂಬದಿಂದ ಕಂಬಕ್ಕೆ, ಕೈ ಒರೆಸಿಕೊಳ್ಳುತ್ತ, ಹೋಗುತ್ತಾಳೆ, ಬರುತ್ತಾಳೆ. ಸಾಣೆಯವನು ಬಂದು ನಿಂತಿದ್ದಾನೆ, ನಾದಿನಿ ಬಂದಿದ್ದಾಳೆ. ಇಷ್ಟು ಜನ ಸಾಲದು.

ಇದನ್ನು ಓದುವಾಗ ನಿಮ್ಮ ತಲೆಯ ಮೇಲೆ ಫ್ಯಾನು ಸುಯ್ಯೆಂದು ತಿರುಗುತ್ತಿರಬಹುದು. ಅದರ ಹೊಟ್ಟೆಯ ಬಳೆಗೆ ಯಾರೋ ಒಬ್ಬಳು ಕಿವಿ ಕೊಟ್ಟಿದ್ದಾಳೆ. ಫ್ಯಾನು ಆರಿಸಿ, ಎದ್ದು ಗೇಟಿಗೆ ಬನ್ನಿ. ಮುರಿದುಕೊಂಡ ಕೂಲಿ ಕೊಡು, ಚುಚ್ಚಿಸಿದ ಖರ್ಚು ಕೊಡು, ಮೇಜು ಕೊಡು ಎಂದು ಧಣಿಯ ಮುಖಕ್ಕೆ ಹೇಳಿ. ಬಂದಾಗ ಅವಳು ಕೈ ಚಾಚಿದರೆ ಹಿಡಿಯಿರಿ. ಹಿಡಿದ ಮೇಲೆ ನಿಮ್ಮ ಕೈಯನ್ನು ಒರೆಸಿಕೊಳ್ಳಬೇಡಿ.