ಕೊಚ್ಚದೆ ಸುಟ್ಟ ಕೋಳಿ

ಹೊಳೆನರಸೀಪುರದಲ್ಲಿ ನಮಗೆ ಬಾಡಿಗೆಗೆ ಮನೆ ಕೊಟ್ಟವರು ಮಾಂಸ ಮುಟ್ಟದವರು. ಎರಡು ಮನೆಗೂ ಹಿತ್ತಿಲು ಒಂದೇ. ನಾವೂ ತಿನ್ನುವುದಿಲ್ಲವೆಂದು ಸುಳ್ಳು ಹೇಳಿಯೇ ಸೇರಿಕೊಂಡಿದ್ದೆವು. ವಿಷಮಶೀತ ಜ್ವರದಿಂದ ಎದ್ದ ನಾಲ್ಕು ವರ್ಷದ ಮಗಳು ಕೋಳಿ ಬೇಕೆಂದು ಹಟ ಹಿಡಿದು, ಎರಡು ದಿನದಿಂದ ಬೇರೇನನ್ನೂ ಬಾಯಿಗಿಟ್ಟಿರಲಿಲ್ಲ.

ಅಂದು ಮನೆಯೊಡೆಯರೆಲ್ಲ ಚನ್ನರಾಯಪಟ್ಟಣಕ್ಕೆ ಮದುವೆಗೆ ಹೋದರು. ಉಳಿದವರು ಕಣ್ಣು ಕಾಣದ ಅವರ ಅಜ್ಜಿ ಒಬ್ಬರೇ. ಆದರೆ ಆಕೆಯ ಕಿವಿ ಬಲು ಚುರುಕು. ನಮ್ಮ ಯಜಮಾನರು ಸೊಪ್ಪಿನ ಕಂತೆಯ ಕೆಳಗೆ ಬಚ್ಚಿಟ್ಟು ತಂದ, ಪುಕ್ಕ ಕಿತ್ತ ಕೋಳಿಯನ್ನು ನನ್ನ ಕೈಗಿಟ್ಟರು.

"ಕೊಚ್ಚಬ್ಯಾಡ ಕಣೇ, ಅಜ್ಜಿಗೆ ಸದ್ದು ಕೇಳ್ಬುಡ್ತದೆ. ಇಡೀದ್ನೇ ಸುಟ್ಬುಡು" ಎಂದವರೇ ಕಚೇರಿಗೆ ನಡೆದರು. ಹೇಳಿ ಹೋಗುವವರಿಗೇನು!

ಹಿತ್ತಿಲ ಮೂಲೆಯಲ್ಲಿ ಕೆಂಡ ಮಾಡಿ, ಉಪ್ಪು ಖಾರ ಸವರಿದ ಕೋಳಿಯನ್ನು ಕಬ್ಬಿಣದ ಸರಳಿಗೆ ಚುಚ್ಚಿ ಹಿಡಿದೆ. ವಾಸನೆ ಮುಚ್ಚಲು ಮನೆಯಲ್ಲಿದ್ದ ಸಾಂಬ್ರಾಣಿಯನ್ನೆಲ್ಲ ಪಕ್ಕದಲ್ಲೇ ಹೊಗೆ ಹಾಕಿದೆ. ಚರ್ಮ ಕರಕಲಾಯಿತು. ತೊಡೆ ಬಿಡಿಸಿದರೆ ಒಳಗಿನ್ನೂ ಹಸಿ ರಕ್ತ. ಮತ್ತೆ ಸುಟ್ಟೆ, ಮತ್ತೆ ರಕ್ತ. "ಅವ್ವಾ, ಆಯ್ತಾ?" ಎಂದು ಅಳುತ್ತಿದ್ದ ಮಗಳ ಬಾಯಿಯನ್ನು ಮಸಿಗೈಯಿಂದಲೇ ಮುಚ್ಚಿದೆ. ನಾನೂ ಸದ್ದಿಲ್ಲದೆ ಅತ್ತೆ.

ಜಗಲಿಯಿಂದ ಅಜ್ಜಿಯ ದನಿ ಬಂತು.

"ಇನ್ನೂ ಎಷ್ಟು ಹೊತ್ತೇ ಅದನ್ನ ಹಾಗೆ ಸುಡ್ತೀಯ? ಕೊಚ್ಚಿ ಬೇಯಿಸೇ ತಾಯಿ, ಮಗು ಹಸಿದಿದೆ. ನಂಗೆ ಇವತ್ತು ಕಿವೀನೂ ಕೇಳಿಸೋಲ್ಲ."