ಹಾರ ಹಾಕಿದ ಸ್ಪೀಕರ್

ಬೆಳಿಗ್ಗೆ ಮಧುಗಿರಿಯ ನನ್ನ ರಿಪೇರಿ ಅಂಗಡಿಯಲ್ಲಿ ಅಂಟಿನ ಡಬ್ಬಿ ತೆರೆದೆ. ಆ ಘಾಟು ಮೂಗಿಗೆ ಬಡಿದದ್ದೇ ಬಡವನಹಳ್ಳಿಯ ರುದ್ರಪ್ಪನವರು ನೆನಪಾದರು. ದೊಡ್ಡವರನ್ನು ನೆನೆಯಲು ಊದುಬತ್ತಿ ಬೇಕು. ನನ್ನ ಗಿರಾಕಿಗಳಿಗೆ ಅಂಟೇ ಸಾಕು.

ಬಟ್ಟೆ ಅಂಗಡಿಯವರು ರುದ್ರಪ್ಪ. ಕರ್ಚೀಫನ್ನೂ ಉಜ್ಜಿ ನೋಡದೆ ಕೊಳ್ಳದ ಮನುಷ್ಯ, ಫೋನಿನಲ್ಲಿ ಚಿತ್ರ ನೋಡಿ ಚಪ್ಪಟೆ ಸ್ಪೀಕರ್ ತರಿಸಿಬಿಟ್ಟಿದ್ದರು. ನೀವೂ ನೋಡಿರಬಹುದು: ಡಬ್ಬವಿಲ್ಲ, ಒಂದು ತೆಳು ಹಲಗೆ, ಬೆನ್ನಿಗೆ ಬಿಲ್ಲೆಯಂಥ ಮೋಟಾರು. ಅದು ನಡುಗಿದರೆ ಹಲಗೆಯೇ ಹಾಡುತ್ತದೆ. ಹಲಗೆಯ ಮೇಲೆ ತೀರಿಹೋದ ಅಪ್ಪನ ಫೋಟೊ ಬೇರೆ. ಆ ಅಪ್ಪ ವೀರಗಾಸೆ ಕುಣಿತಕ್ಕೆ ಸಮಾಳವೆಂಬ ಜೋಡಿ ಚರ್ಮವಾದ್ಯ ಬಾರಿಸುತ್ತಿದ್ದವರು. ವರ್ಷದ ಪೂಜೆಯ ದಿನ ಫೋಟೊದೊಳಗಿಂದಲೇ ಅವರ ಸಮಾಳದ ಹಳೇ ರೆಕಾರ್ಡಿಂಗ್ ಮೊಳಗಬೇಕು, ನೆಂಟರು ಬೆರಗಾಗಬೇಕು. ಕೇಳಿದ್ದು ಮಾತ್ರ ತಗಡಿನ ಮೇಲೆ ಕಡಲೆ ಸುರಿದ ಸದ್ದು. ಹಲಗೆ ಹೊತ್ತುಕೊಂಡು ನನ್ನ ಅಂಗಡಿಗೆ ಓಡಿಬಂದರು.

“ನಾಳೆ ಪೂಜೆ ಕಣ್ಲಾ, ಬೇಸೇ ಇಲ್ಲ! ನಮ್ಮಪ್ಪ ಬಾರ್ಸಿದ್ರೆ ಎದೆ ಅದುರ್ತಿತ್ತು.”

“ಚಪಾತಿ ತಂದು ಮುದ್ದೆ ಮಾಡು ಅಂತೀರಲ್ಲಣ್ಣ!”

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ‘ಆಗಲ್ಲ’ ಅನ್ನುವುದನ್ನು ಎಂಟರಲ್ಲಿ ಕಲಿಸುತ್ತಿದ್ದರೋ ಏನೋ. ಬಿಗಿದಿದ್ದ ಚೌಕಟ್ಟು ಕಿತ್ತೆ. ನಟ್ಟನಡುವೆ ಇದ್ದ ಮೋಟಾರನ್ನು ಬಿಡಿಸಿ ಪಕ್ಕಕ್ಕೆ ಸರಿಸಿ ಅಂಟಿಸಿದೆ. ಹಲಗೆ ಗೋಡೆಗೆ ತಾಕದಂತೆ ದಾರದಲ್ಲಿ ತೂಗುಬಿಟ್ಟೆ. ಸಮಾಳ ಗುಡುಗಿತು. ನಾನು ಮೀಸೆ ತಿರುವಿದೆ.

ಮರುದಿನ ಅವರ ಮನೆಯಲ್ಲಿ ತೂಗುಹಾಕಿದ್ದೇ ತಡ, ರುದ್ರಪ್ಪನವರ ಹೆಂಡತಿ ಗಿರಿಜಮ್ಮ ತೋಳು ದಪ್ಪದ ಸೇವಂತಿಗೆ ಹಾರ ತಂದು ಅದಕ್ಕೆ ಹಾಕಿದರು. ಸಮಾಳ ಕಂಬಳಿ ಹೊದ್ದು ಮಲಗಿತು.

“ಅಕ್ಕ, ಹಾರ ತೆಗೀರಿ. ಭಾರಕ್ಕೆ ಹಲಗೆ ಅಲುಗಲ್ಲ.”

“ಮಾವಯ್ಯನ ಫೋಟ ಬೋಳಾಗಿ ಬುಡೋಕಾಯ್ತದಾ? ನೆಂಟ್ರು ಉಗೀತಾರೆ ಕಣಪ್ಪ!”

“ಹಾರ ಬೇಕೋ ಬೇಸ್ ಬೇಕೋ, ಒಂದೇ ಹೇಳ್ಬುಡಿ!” ನಾನೂ ಏರಿದೆ. ತೂಗುತ್ತಿದ್ದದ್ದು ಅವರ ಮಾವನಾದರೂ ಹೋಗುತ್ತಿದ್ದದ್ದು ನನ್ನ ಮರ್ಯಾದೆ. ಊರಿಗೆಲ್ಲ ಸೀರೆ ಆರಿಸಿಕೊಡುವ ರುದ್ರಪ್ಪ ಇಲ್ಲಿ ಮಾತ್ರ ಪಿಳಿಪಿಳಿ ಕಣ್ಣು ಬಿಟ್ಟರು.

ಮೂಲೆಯಲ್ಲಿದ್ದ ಅವರ ತಾಯಿ ಸಿಡುಕಿದರು: “ಕೈ ಆಡಲ್ಲ ಅಂತ ಬಾರ್ಸೋವಾಗ ಹೂವಿನಾರ ಕಿತ್ತಿಕ್ಕೋರು ಅವ್ರು. ತೆಗೀರ್ಲಾ ಅತ್ಲಾಗೆ!”

ಹಾರ ಇಳಿಯಿತು. ಸಮಾಳಕ್ಕೆ ನೆಂಟರ ಕೈಯ ತಟ್ಟೆಗಳು ಅದುರಿದವು. ನಾನು ಮದುಮಗನಂತೆ ನಿಂತೆ. ಆಗ ಆ ತಾಯಿ ಎದ್ದು ಬಂದು, ಎರಡೂ ಅಂಗೈಗಳನ್ನು ಹಲಗೆಗೆ ಒತ್ತಿ ಹಿಡಿದರು. ಬೇಸ್ ಸತ್ತೇಹೋಯಿತು, ಎದೆ ಅದುರಿಸಬೇಕಿದ್ದದ್ದೆಲ್ಲ ಆ ಅಂಗೈಗಳೊಳಗೆ ಇಳಿದಿರಬೇಕು. ರುದ್ರಪ್ಪ ನನ್ನತ್ತ ನೋಡಿದರು. ‘ಕೈ ತೆಗೀರಮ್ಮ’ ಎನ್ನಲು ತೆರೆದ ಬಾಯಿಗೆ ಬಾಳೆಹಣ್ಣು ತುರುಕಿಕೊಂಡೆ.

ಈಗ ಇಂಥ ಹಲಗೆಗಳು ಆಗಾಗ ಬರುತ್ತವೆ. ‘ಮುಟ್ಟಬೇಡಿ’ ಎಂದು ಗದರುವ ಮೊದಲು ಚಿತ್ರ ಯಾರದೆಂದು ನೋಡುತ್ತೇನೆ. ಇವತ್ತಿನದರ ಮೇಲೆ ಸಿನಿಮಾ ನಟ. ಜೋರಾಗಿಯೇ ಗದರಿದೆ.