ಬಾವಿಕಟ್ಟೆಯ ಬೊತ್ತು

ಅಪ್ಪನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಹೋದವರ ಮೇಲೆ ಹಗೆ ಇಟ್ಟುಕೊಳ್ಳಬಾರದು ಎಂದು ಬುದ್ಧಿ ಹೇಳುವವರು ಆಗಾಗ ಬರುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ. ಹೇಳುವವರಿಗೇನು, ಆ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಅವರು ಯಾರೂ ಇರಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನಾವು ಬೆಂಗಳೂರಿಗೆ ಹೋದೆವು. ಹೋದೆವು ಎನ್ನುವುದು ಸರಿಯಲ್ಲ, ನಮ್ಮನ್ನು ಸಾಗಿಸಿದರು. ಅಪ್ಪ ಮಡಿಕೇರಿಯಲ್ಲಿ ಸರ್ಕಾರಿ ಗುಮಾಸ್ತ. ಕಚೇರಿಯ ಫೈಲುಗಳು ಲಾರಿ ಹತ್ತಿ ಹೋದ ಮೇಲೆ ಅವುಗಳ ಹಿಂದೆ ಗುಮಾಸ್ತರೂ ಹೋಗಬೇಕಾಯಿತು, ಗುಮಾಸ್ತರ ಹಿಂದೆ ಹೆಂಡತಿ ಮಕ್ಕಳೂ. ಆಗ ನನಗೆ ಹತ್ತು ವರ್ಷ. ಅಪ್ಪ, ಅವ್ವ, ನಾನು, ಮೂರೇ ಜನ.

ಅಲ್ಲಿ ನಾವು ಇಳಿದದ್ದು ಐದು ಸಂಸಾರಗಳ ಒಂದು ವಠಾರದಲ್ಲಿ. ನಡುವೆ ಒಂದು ಬಾವಿ. ಮಾಲೀಕರು ಬಾಡಿಗೆಗೆ ಕೊಡುವ ಮೊದಲೇ, "ಕೊಡಗಿನೋರು ಅಂತೀರಾ. ಮಾಂಸ ಗೀಂಸ ಬೇಯಿಸೋ ಹಾಗಿಲ್ಲ ನೋಡಿ" ಎಂದಿದ್ದರು. ಅಪ್ಪ "ಛೆ, ಛೆ" ಎಂದು ತಲೆ ಅಲ್ಲಾಡಿಸಿದರು, ಹುಟ್ಟಿದಾಗಿನಿಂದ ಹಂದಿಮಾಂಸದ ವಾಸನೆಯನ್ನೇ ಕಾಣದವರ ಹಾಗೆ. ಆ ವರ್ಷ ಕೈಲು ಮುಹೂರ್ತದ ಹಬ್ಬಕ್ಕೆ ಕಡುಬಿನ ಮೇಲೆ ಹಂದಿಮಾಂಸದ ಸಾರಿನ ಬದಲು ಬೇಳೆಸಾರು ಸುರಿದುಕೊಂಡು ಉಂಡೆವು. ಅವ್ವ ಒಂದೇ ಕಡುಬು ತಿಂದು ಎದ್ದಳು.

ಮಾತಿನದೂ ಅದೇ ಗೋಳು. ನಮ್ಮ ಮನೆಮಾತು ಅರೆಭಾಷೆ. ಅದೂ ಕನ್ನಡವೇ, ಆದರೆ ಬೆಂಗಳೂರಿನವರಿಗೆ ಅದು ಸರ್ಕಸ್ಸು. ಅವ್ವ ಇದೆ ಎನ್ನಲು 'ಉಟ್ಟು', ಇಲ್ಲ ಎನ್ನಲು 'ಇಲ್ಲೆ' ಎಂದರೆ ಸಾಕು, ವಠಾರದ ಹೆಂಗಸರು ಕೊಡ ಕೆಳಗಿಟ್ಟು "ಇನ್ನೊಂದ್ಸಲ ಹೇಳ್ರೀ" ಎಂದು ನಗುತ್ತಿದ್ದರು. ಅವ್ವನೂ ಪಾಪ, ಅದು ಪ್ರೀತಿ ಅಂದುಕೊಂಡು ಇನ್ನೊಂದು ಸಲ ಹೇಳುತ್ತಿದ್ದಳು. ಕೊನೆಗೆ ಅಪ್ಪನೇ, ಹೊಸಿಲು ದಾಟಿದ ಮೇಲೆ ನಮ್ಮ ಮಾತು ಬೇಡ ಎಂದು ಕಟ್ಟಪ್ಪಣೆ ಮಾಡಿದರು. ನಾನಂತೂ ಅಪ್ಪನಿಗಿಂತ ಮೊದಲೇ ಬಿಟ್ಟಿದ್ದೆ. ಶಾಲೆಯಲ್ಲಿ ಒಂದು ದಿನ 'ಏನು' ಎನ್ನುವಲ್ಲಿ 'ಎಂಥ' ಎಂದು ನಗೆಪಾಟಲಾದದ್ದೇ ನನಗೆ ಸಾಕಾಗಿತ್ತು.

ದಸರಾ ಮುಗಿಯಿತು. ಆಯುಧಪೂಜೆಯ ದಿನ ಬೀದಿಯ ತುಂಬ ಕುಂಕುಮ ಮೆತ್ತಿದ ಬೂದುಗುಂಬಳಕಾಯಿ ಒಡೆದರು. ಮಾಲೀಕರ ಸೈಕಲ್ಲಿನ ಚಕ್ರದಡಿ ನಿಂಬೆಹಣ್ಣು ಪಚಕ್ಕೆಂದಿತು. ಯಾರೂ ಹೆದರಲಿಲ್ಲ, ಯಾರೂ ಕಿರುಚಲಿಲ್ಲ. ಇದನ್ನು ಬೇಕೆಂದೇ ಬರೆದಿಟ್ಟಿದ್ದೇನೆ.

ಆಮೇಲೆ ತುಲಾ ಸಂಕ್ರಮಣ ಬಂತು. ತಲಕಾವೇರಿಯಲ್ಲಿ ಕಾವೇರಿ ಉಕ್ಕಿ ಬರುವ ದಿನ. ಹಿಂದಿನ ಸಂಜೆ ನಮ್ಮೂರಲ್ಲಿ ಬೊತ್ತು ನೆಡುತ್ತಾರೆ. ಒಂದು ಕೋಲು, ಅದರ ತುದಿಗೆ ಕಾಡುಬಳ್ಳಿ ಸುತ್ತಿ ಮಾಡಿದ ಬಳೆ, ಇಷ್ಟೇ. ಗದ್ದೆಯಲ್ಲಿ, ಬಾವಿಯ ಬಳಿ, ಗೊಬ್ಬರದ ಗುಂಡಿಯ ಹತ್ತಿರ ನೆಟ್ಟು, ಬೆಳಗಾದ ಮೇಲೆ ಅದರ ಮೇಲೊಂದು ದೋಸೆ ಇಡುವುದು, ಬರುವ ಕಾವೇರಿಗೆಂದು. ಮಾದಾಪುರದ ಕಡೆಯ ನಮ್ಮ ಊರಿನಲ್ಲಿ ಇದು ಗಂಡಸರ ಕೆಲಸ. ಮಡಿಕೇರಿಯಿಂದ ಅಪ್ಪ ಅದಕ್ಕೆಂದೇ ರಜೆ ಹಾಕಿ ಹೋಗುತ್ತಿದ್ದರು.

ಆ ಸಲ ಅವ್ವ ನೆನಪಿಸಿದಾಗ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

"ಇಲ್ಲಿ ಗದ್ದೆ ಎಲ್ಲಿ ಉಟ್ಟು?"

"ಗದ್ದೆ ಇಲ್ಲೆ. ಬಾವಿ ಉಟ್ಟಲ್ಲಾ" ಎಂದಳು ಅವ್ವ.

ಅಪ್ಪ ಪೇಪರಿನ ಹಾಳೆ ತಿರುವಿದರು. ಸಂಜೆ ಅವ್ವ ನನ್ನನ್ನು ಕರೆದುಕೊಂಡು ವಠಾರದ ಹಿಂದಿನ ಖಾಲಿ ನಿವೇಶನಕ್ಕೆ ಹೋದಳು. ಬೇಲಿಯಿಂದ ಒಂದು ಕೋಲು ಮುರಿದಳು. ಬಳ್ಳಿ ಹುಡುಕಿದ್ದು ನಾನು. ಬಳೆ ಸುತ್ತಿದ್ದೂ ನಾನೇ. ನನ್ನದು ಸಡಿಲವಾಯಿತೆಂದು ಅವ್ವ ಬಿಚ್ಚಿ ಮತ್ತೆ ನನ್ನ ಕೈಯಲ್ಲೇ ಸುತ್ತಿಸಿದಳು. ಬಾವಿಯ ನೀರು ಹರಿದು ಹೋಗುವ ಕೆಸರಿನಲ್ಲಿ ಅದನ್ನು ನೆಟ್ಟೆವು. ಬೆಂಗಳೂರಿಗೆ ಬಂದ ಮೇಲೆ ಅವ್ವ ಖುಷಿಯಾಗಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಅವ್ವ ದೋಸೆ ಹುಯ್ದಳು. ಮೊದಲನೆಯದನ್ನು ಬೊತ್ತಿನ ಮೇಲಿಟ್ಟು ಬಂದು ಸಿಹಿಗುಂಬಳದ ಪಲ್ಯಕ್ಕೆ ಒಗ್ಗರಣೆ ಹಾಕಿದಳು. ಅಷ್ಟರಲ್ಲಿ ಪಕ್ಕದ ಮನೆಯಾಕೆ ನೀರಿಗೆ ಹೋದವಳು ಕೊಡ ಎತ್ತಿಹಾಕಿ ಕಿರುಚಿದಳು.

"ಅಯ್ಯೋ, ಯಾರೋ ಮಾಟ ಮಾಡಿಟ್ಟಿದಾರೆ!"

ನಾಲ್ಕು ಮನೆಯವರೂ ಸೇರಿದರು. ಮಾಲೀಕರು ಟವೆಲ್ ಹೊದ್ದುಕೊಂಡು ಬಂದು ಬೊತ್ತನ್ನು ದೂರದಿಂದಲೇ ನೋಡಿದರು.

"ಯಾವನ್ರೀ ಇದನ್ನ ನೆಟ್ಟಿದ್ದು? ಗೊತ್ತಾಗ್ಲಿ, ಇವತ್ತೇ ಮನೆ ಖಾಲಿ ಮಾಡಿಸ್ತೀನಿ!"

ಅಪ್ಪ ಹಲ್ಲುಪುಡಿಯ ಬೆರಳನ್ನು ಬಾಯಿಂದ ತೆಗೆದು ಅಲ್ಲೇ ನಿಂತಿದ್ದರು. ನಾನು ಅವರ ಪಕ್ಕದಲ್ಲಿದ್ದೆ. ಈಗ ಹೇಳುತ್ತಾರೆ, ಇದು ನಮ್ಮ ಹಬ್ಬ ಎನ್ನುತ್ತಾರೆ, ಎಂದು ಕಾಯುತ್ತಿದ್ದೆ. ಎಲ್ಲರ ಕಣ್ಣೂ ನಮ್ಮ ಮೇಲೆಯೇ ಇತ್ತು.

"ನಮಗೆ ಗೊತ್ತಿಲ್ಲ ಸಾರ್" ಎಂದರು ಅಪ್ಪ. "ನಮ್ಮ ಕಡೆ ಇಂಥದ್ದೆಲ್ಲ ಇಲ್ಲವೇ ಇಲ್ಲ."

ಎಷ್ಟು ಶುದ್ಧವಾದ ಕನ್ನಡದಲ್ಲಿ ಹೇಳಿದರು! ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತದೆ. ನೂರು ಸಂಕ್ರಮಣಕ್ಕೆ ಬೊತ್ತು ನೆಟ್ಟ ಅಜ್ಜಂದಿರ ಮೊಮ್ಮಗ, ಒಂದು ಬಾಡಿಗೆ ಮನೆಗಾಗಿ, ಅಡಿಗೆಮನೆಯೊಳಗಿದ್ದ ಹೆಂಡತಿ ಕೇಳುತ್ತಿದ್ದಾಳೆ ಎಂದು ಗೊತ್ತಿದ್ದೂ.

ಅವ್ವ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದಳು.

"ಇದ್ ನಾ ನೆಟ್ಟದ್" ಎಂದಳು. ಆಮೇಲೆ ಅವರ ಕನ್ನಡಕ್ಕೆ ತಡವರಿಸುತ್ತ, "ಇವತ್ತು ಕಾವೇರಿ ಬರೋ ದಿನ. ನಮ್ಮಲ್ಲಿ ನೀರು ಇರೋ ಕಡೆ ನೆಡ್ತಾರೆ. ಮಾಟ ಅಲ್ಲ."

"ಕಾವೇರಿನ ಈ ಬಾವಿಗೇ ಕರೆಸಿಬಿಟ್ರಾ ತಾಯಿ?" ಎಂದರು ಮಾಲೀಕರು. ಹಿಂದಿನಿಂದ ಯಾರೋ, "ದೋಸೆಗೆ ಏನೇನ್ ಹಾಕಿದಾಳೋ" ಎಂದರು.

ಅವ್ವ ಸಟ್ಟುಗವನ್ನು ಬಾವಿಕಟ್ಟೆಯ ಮೇಲಿಟ್ಟಳು. ಬೊತ್ತಿನ ಮೇಲಿನ ದೋಸೆ ತೆಗೆದು ಎರಡು ಮಾಡಿದಳು. ಕಾವೇರಿಗೆಂದು ಇಟ್ಟದ್ದನ್ನು ನಾವು ಹಾಗೆ ಮುಟ್ಟುವುದಿಲ್ಲ. ಎಲ್ಲರೆದುರು ನಿಂತು ಅರ್ಧವನ್ನು ಅಗಿದು ನುಂಗಿದಳು. ಉಳಿದರ್ಧವನ್ನು ನನ್ನ ಕಡೆ ಚಾಚಿದಳು.

"ತಿನ್ನ್ ಮಗಳೇ."

ಪಕ್ಕದ ಮನೆಯಲ್ಲಿ ನನ್ನ ತರಗತಿಯ ಹುಡುಗಿ ಇದ್ದಳು, ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಒಂದು ಹೆಜ್ಜೆ ಹಿಂದೆ ಸರಿದು ಅಪ್ಪನ ಬೆನ್ನ ಹಿಂದೆ ನಿಂತೆ. ಅವ್ವನ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಆ ಅರ್ಧವನ್ನೂ ಅವಳೇ ತಿಂದಳು.

ಮನೆಯೇನೋ ಉಳಿಯಿತು. "ಹಳ್ಳಿ ಹೆಂಗಸು ಸಾರ್, ತಿಳೀದೆ ಮಾಡಿದಾಳೆ" ಎಂದು ಅಪ್ಪ ಕೈಮುಗಿದು ಉಳಿಸಿಕೊಂಡರು. ಬೊತ್ತನ್ನು ಕಿತ್ತು ಮೋರಿಗೆ ಹಾಕಿದ್ದೂ ಅವರೇ. ನಾವು ಬಾವಿಯ ನೀರು ಮುಟ್ಟಬಾರದು ಎಂದು ಮಾಲೀಕರು ಹೇಳಿದ್ದಕ್ಕೂ ಒಪ್ಪಿದರು. ಆ ಮನೆ ಬಿಡುವವರೆಗೂ ಅವ್ವ ಬೀದಿಕೊನೆಯ ನಲ್ಲಿಯಿಂದ ನೀರು ಹೊತ್ತಳು. ಬೊತ್ತಿನ ಮಾತನ್ನು ಮತ್ತೆ ಎತ್ತಲಿಲ್ಲ.

ಐದು ವರ್ಷದ ಮೇಲೆ ಅಪ್ಪನಿಗೆ ಮಡಿಕೇರಿಗೇ ವರ್ಗವಾಯಿತು. ಮೊದಲ ಸಂಕ್ರಮಣಕ್ಕೆ ಊರಿಗೆ ಹೋದಾಗ ಅವರ ಸಡಗರ ನೋಡಬೇಕಿತ್ತು. ಗದ್ದೆಗೆ, ಬಾವಿಗೆ, ಗೊಬ್ಬರದ ಗುಂಡಿಗೆ ಎಲ್ಲ ಕಡೆ ತಾವೇ ನೆಟ್ಟರು. ಬೆಳಿಗ್ಗೆ ನೆಂಟರ ಸಾಲಿನಲ್ಲಿ ಎಲೆಯ ಮುಂದೆ ಕೂತು ಗಟ್ಟಿಯಾಗಿ ಹೇಳಿದರು:

"ಬೆಂಗಳೂರ್ಲಿ ಇದ್ದರೂ ನಾವು ಬೊತ್ತು ಬಿಟ್ಟವರಲ್ಲ. ವಠಾರದ ಬಾವಿಗೇ ನೆಟ್ಟದ್!"

ನೆಂಟರೆಲ್ಲ ಭೇಷ್ ಎಂದರು. ಅವ್ವ ದೋಸೆ ಬಡಿಸುತ್ತಿದ್ದಳು. ಅಪ್ಪನ ಮುಖವನ್ನು ಅವಳು ನೋಡಲಿಲ್ಲ, ನನ್ನ ಮುಖ ನೋಡಿದಳು. ವಠಾರದ ಆ ಬೆಳಿಗ್ಗೆಯನ್ನು ಕಂಡವರು ಇಲ್ಲಿ ನಾವು ಮೂವರೇ. ನನಗಾಗ ಹದಿನೈದು, ಬಾಯಿ ಇತ್ತು, ಸಿಟ್ಟೂ ಇತ್ತು. ಅವ್ವ ಕಾದಳು. ನಾನು ಎಲೆಯ ಮೇಲಿನ ದೋಸೆ ಮುರಿದು ಬಾಯಿ ತುಂಬಿಕೊಂಡೆ.